ಮಾತ್ರೆ ನುಂಗಿಯೇ ಬನ್ನಿ

ಆಸ್ಪತ್ರೆಯ ಗೋಡೆಯ ಮೇಲೆ ಒಂದು ಸಾಲು ಬರೆಸಿದ್ದಕ್ಕೆ ನಾನು ತೆತ್ತ ಬೆಲೆ, ಮನೆಯಿಂದ ನಡೆದೇ ಹೋಗಿ ಬರುವಷ್ಟು ಹತ್ತಿರದಲ್ಲಿದ್ದ ಕೆಲಸ. ಅಲ್ಲಿಂದ ನಿವೃತ್ತಿಯವರೆಗೆ ದಿನವೂ ಎರಡು ಬಸ್ಸು ಬದಲಾಯಿಸಿ, ಹೆಚ್ಚಿನ ದಿನ ನಿಂತುಕೊಂಡೇ ಹೋಗಿ ಬಂದೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಒಬ್ಬ ಹೆಂಗಸಿನ ಕೈಯಿಂದ ಸೌಟು ಜಾರುವುದರಲ್ಲಿತ್ತು, ಅದಕ್ಕಾಗಿ ಆ ಸಾಲು ಬರೆಸಿದೆ. ವ್ಯಾಪಾರದಲ್ಲಿ ನಷ್ಟವಾಯಿತೆಂದು ನಾನು ಕೊರಗುತ್ತಿಲ್ಲ. ಅಷ್ಟು ಅಗ್ಗದ ಮಾತಿಗೆ ಅಷ್ಟು ದುಬಾರಿ ಬೆಲೆ ಕೇಳಿದರಲ್ಲ, ಆ ಸಿಟ್ಟು ಮಾತ್ರ ಇವತ್ತಿಗೂ ಆರಿಲ್ಲ.

ನಾನು ಕೊತ್ತತ್ತಿಯವಳು. ಅಪ್ಪ ಗದ್ದೆ ಬದುವಿನಲ್ಲಿ ಬೆಳೆದ ಸೊಪ್ಪನ್ನು ಕಟ್ಟು ಕಟ್ಟಿ ಮಂಡ್ಯದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಶಾಲೆಗೆ ರಜೆ ಇದ್ದ ದಿನ ಮಾರಲು ಕೂರುತ್ತಿದ್ದವಳು ನಾನು. ಗಿರಾಕಿ ಬಾಯಲ್ಲಿ ‘ಬೇಡ’ ಎಂದರೂ ಅವನ ಕಾಲು ಮುಂದಕ್ಕೆ ಹೋಗದಿದ್ದರೆ ಕೊಳ್ಳುತ್ತಾನೆ ಎನ್ನುವುದನ್ನು ಅಲ್ಲೇ ಕಲಿತದ್ದು. ನರ್ಸಿಂಗ್ ಶಾಲೆಯಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಆದರೆ ಕೆಲಸದಲ್ಲಿ ಇದರಷ್ಟು ಉಪಯೋಗಕ್ಕೆ ಬಂದ ಪಾಠ ಬೇರೊಂದಿಲ್ಲ. ರೋಗಿ ಬಾಯಲ್ಲಿ ‘ಹೂಂ’ ಎನ್ನುತ್ತಾನೆ, ಕಣ್ಣು ಬಾಗಿಲ ಕಡೆಗಿರುತ್ತದೆ. ಆ ಹೂಂ ನಂಬಬಾರದು. ಈಗ ತಾನೇ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಹಾರದ ವಿಷಯ ಯಾರಿಗೂ ಬೇಡ, ಬಿಟ್ಟುಬಿಡೋಣ.

ಮದ್ದೂರಿಗೂ ಮಳವಳ್ಳಿಗೂ ನಡುವೆ ಇರುವ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ ಅದು. ಹೆಸರು ಹೇಳುವುದಿಲ್ಲ. ಮಂಗಳವಾರ ಬೆಳಿಗ್ಗೆ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯವರ ಸರದಿ. ಎರಡಕ್ಕೂ ಒಂದೇ ಸಾಲು, ಒಂದೇ ಮೇಜು. ಗೋಡೆಯ ಮೇಲೆ ದೊಡ್ಡಕ್ಷರದ ಬೋರ್ಡು: ‘ಖಾಲಿ ಹೊಟ್ಟೆಯಲ್ಲಿ, ಮಾತ್ರೆ ತೆಗೆದುಕೊಳ್ಳದೆ ಬರಬೇಕು’. ಅದು ಸಕ್ಕರೆ ಪರೀಕ್ಷೆ ಮಾಡಿಸುವವರಿಗೆ ಹೇಳಿದ್ದು. ಯಾರಿಗೆ ಹೇಳಿದ್ದು ಎಂದು ಮಾತ್ರ ಬೋರ್ಡಿನಲ್ಲಿ ಇರಲಿಲ್ಲ.

ಸಾಲಿನ ಗತಿ ಹೇಗಿತ್ತೆಂದರೆ, ಬಸ್ಸಿಳಿದು ಓಡಿ ಬಂದವರು ಏದುಸಿರು ಬಿಡುತ್ತಲೇ ಸ್ಟೂಲಿನ ಮೇಲೆ ಕೂರಬೇಕು. ಬಾಯಲ್ಲಿ ಹೊಗೆಸೊಪ್ಪು. ಮೂತ್ರಕ್ಕೆ ಹೋದರೆ ಸರದಿ ತಪ್ಪೀತೆಂದು ಕಟ್ಟಿಕೊಂಡೇ ನಿಂತವರೂ ಇದ್ದರು. ರವಿಕೆ ತೋಳಿನ ಮೇಲೆಯೇ ಪಟ್ಟಿ ಸುತ್ತು, ಗಾಳಿ ಊದು, ಸಂಖ್ಯೆ ಬರೆ, ‘ನೆಕ್ಸ್ಟ್’ ಅನ್ನು. ಕೆಲಸಕ್ಕೆ ಸೇರಿದಾಗ ನಾನು ಕಲಿತದ್ದು ಪಾದರಸದ ಯಂತ್ರ. ಕಿವಿಗೆ ಸ್ಟೆತೊಸ್ಕೋಪು ಸಿಕ್ಕಿಸಿಕೊಂಡು, ಮೊಳಕೈ ಮಡಿಕೆಯಲ್ಲಿ ಸದ್ದು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ಆಲಿಸಬೇಕಿತ್ತು. ಆಮೇಲೆ ಬ್ಯಾಟರಿ ಯಂತ್ರ ಬಂತು. ಗುಂಡಿ ಒತ್ತಿದರೆ ತಾನೇ ಸಂಖ್ಯೆ ತೋರಿಸುತ್ತದೆ. ಆದರೆ ಓಡಿ ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸುವ ಯಂತ್ರ ಇನ್ನೂ ಬಂದಿಲ್ಲ. ಅದನ್ನು ಮನುಷ್ಯರೇ ಮಾಡಬೇಕು.

ಸಾಕಮ್ಮ ಮೊದಲ ಸಲ ನನ್ನ ಮುಂದೆ ಕೂತಾಗ ಪಟ್ಟಿ ಅವಳ ತೋಳಿಗೆ ಸುತ್ತು ಬರಲಿಲ್ಲ. ಪಕ್ಕದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ವಯಸ್ಸಿನಲ್ಲಿ ನನಗಿಂತ ಐದಾರು ವರ್ಷ ಚಿಕ್ಕವಳು, ಆದರೂ ಅಕ್ಕ ಎನ್ನುತ್ತಿದ್ದೆ.

“ಏನ್ ಸಿಸ್ಟರವ್ವ, ಈ ಪಟ್ಟಿ ನನ್ ಮೊಮ್ಮಗೀನ ಸೊಂಟಕ್ಕಾಯ್ತದೆ ಅಷ್ಟೆಯಾ. ದಿನಾ ಕೊಪ್ಪರಿಗೆ ಎತ್ತೋ ತೋಳು ಕಣವ್ವ ಇದು!” ಎಂದು ಸಾಲಿನವರೆಲ್ಲ ನಗುವಂತೆ ಹೇಳಿದಳು.

ಪಟ್ಟಿ ಚಿಕ್ಕದಾದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿ ನಮ್ಮಲ್ಲಿತ್ತು. ಎಲ್ಲಿ? ಸ್ಟೋರಿನಲ್ಲಿ, ಪ್ಲಾಸ್ಟಿಕ್ ಕವರು ಸಹ ಬಿಚ್ಚದೆ, ಬೀಗದೊಳಗೆ. ಸ್ಟೋರಿನವರು, “ಹೊಸಾದು ಕಣ್ರೀ ಸಿಸ್ಟರ್. ಬಳಸಿ ಹಾಳಾದರೆ ಆಡಿಟ್‌ನವರಿಗೆ ಏನು ತೋರಿಸಲಿ?” ಎಂದರು.

“ವಾಸಿಯಾದವರ ತೋಳು ತೋರಿಸಿ,” ಎಂದೆ. ಅದಕ್ಕೆ ಅವರು ಜಗ್ಗಲಿಲ್ಲ. ನಿಮ್ಮ ಅತ್ತೆಯವರ ಬಿ.ಪಿ.ಯನ್ನು ಮನೆಗೇ ಬಂದು ನೋಡಿ ಹೋಗುತ್ತೇನೆ ಎಂದಾಗ ಬೀಗ ತೆಗೆದರು. ರೋಗಿಗಾಗಿ ಬಂದ ಸಾಮಾನನ್ನು ರೋಗಿಯ ತೋಳಿಗೆ ಸುತ್ತಲು ನಾನು ಚೌಕಾಸಿ ಮಾಡಬೇಕಾಯಿತು!

ದೊಡ್ಡ ಪಟ್ಟಿ ಸುತ್ತಿ, ಬೇರೆ ಬೇರೆ ದಿನ ಕರೆಸಿ ನೋಡಿದರೂ ಸಾಕಮ್ಮನ ಬಿ.ಪಿ. ಹೆಚ್ಚಾಗಿಯೇ ಇತ್ತು. ಕಾಯಿಲೆ ಇರುವುದು ನಿಜವೇ. ಡಾಕ್ಟರು ಒಂದು ಮಾತ್ರೆ ಬರೆದರು. ಉಪ್ಪು ಕಡಿಮೆ ಮಾಡಿಸುವುದು ನನ್ನ ಪಾಲಿಗೆ ಬಂತು.

ಉಪ್ಪಿನ ವಿಷಯಕ್ಕೂ ಗೋಡೆಯಲ್ಲಿ ಒಂದು ಚಿತ್ರವಿತ್ತು. ಚಿಪ್ಸ್ ಪೊಟ್ಟಣ, ಪಿಜ್ಜಾ, ಅದರ ಮೇಲೆ ಕೆಂಪು ಗೀಟು. ನಮ್ಮ ಸಾಲಿನಲ್ಲಿ ನಿಂತವರಲ್ಲಿ ಅದನ್ನು ಬಾಯಿಗೆ ಹಾಕಿದವರು ಯಾರು? ಇಲ್ಲಿ ಉಪ್ಪು ಹೊಟ್ಟೆಗೆ ಹೋಗುವುದು ಮುದ್ದೆಯ ಜೊತೆಗಿನ ಉಪ್ಸಾರಿನಲ್ಲಿ. ಅದನ್ನು ಬಿಡಿ ಎನ್ನುವುದೂ ಒಂದೇ, ಊರು ಬಿಡಿ ಎನ್ನುವುದೂ ಒಂದೇ.

“ಉಪ್ಸಾರಿಗೆ ಉಪ್ಪಾಕ್ದೆ ಇನ್ನೇನ್ ಬೂದಿ ಆಕ್ಲಾ?” ಎಂದಳು ಸಾಕಮ್ಮ.

“ಸೊಪ್ಪು ಬೇಯ್ಸೋವಾಗ ಹಾಕ್ತೀಯ. ಆಮೇಲೆ ಖಾರ ಅರೀವಾಗ ಇನ್ನೊಂದ್ ದಪ ಹಾಕ್ತೀಯ. ಎರಡ್ರಲ್ಲಿ ಒಂದು ಬುಡು.”

“ಖಾರಕ್ಕೆ ಉಪ್ಪಿಲ್ದಿದ್ರೆ ನಾಲ್ಗೆಗೆ ಬೆಂಕಿ ಬೀಳ್ತದೆ ಕಣಮ್ಮ.”

“ನಿಂಬೆಹಣ್ಣು ಹಿಂಡ್ಕೊ.”

“ಉಪ್ಪಿನ್ಕಾಯಿ?”

“ಅದನ್ನೂ ಬುಡು.”

“ಎಲ್ಲಾನೂ ಬುಡು ಬುಡು ಅಂದ್ರೆ ನಾನ್ಯಾಕೆ ಬದುಕ್ಬೇಕು, ನಿಮ್ ಯಂತ್ರ ನೋಡಾಕಾ?”

ಕೊನೆಗೆ ಖಾರಕ್ಕೆ ಉಪ್ಪಿಲ್ಲ, ಬಾಡೂಟದ ದಿನ ಮಾತ್ರ ಒಂದು ಹೋಳು ಉಪ್ಪಿನಕಾಯಿ ಎಂದು ವ್ಯವಹಾರ ಕುದುರಿತು. ಅವಳು ಮಾತಿಗೆ ತಪ್ಪುವವಳಲ್ಲ. ಮುಂದಿನ ಸಲ ಬಂದಾಗ, “ಸೊಸೆ ಸಾರು ಸಪ್ಪೆ ಅಂತಾಳೆ. ಅವಳ್ಗೂ ಬಿ.ಪಿ. ಬರ್ಲಿ ತಾಳು, ಗೊತ್ತಾಯ್ತದೆ,” ಎಂದು ಗೊಣಗಿದಳೇ ಹೊರತು ಒಪ್ಪಂದ ಮುರಿದಿರಲಿಲ್ಲ.

ಆದರೂ ಮಂಗಳವಾರದ ಸಂಖ್ಯೆ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಜಾಸ್ತಿ ಮಾಡಿದರು. ಮತ್ತೆ ಬಂದಳು, ಮತ್ತೆ ಹೆಚ್ಚು. ಎರಡನೇ ಮಾತ್ರೆ ಸೇರಿತು. ಮತ್ತೆ ಹೆಚ್ಚು. ನನ್ನ ಮಗನ ವಯಸ್ಸಿನ ಡಾಕ್ಟರು, ಕೆಟ್ಟವರಲ್ಲ. ಬಾಗಿಲ ತನಕ ಜನ ನಿಂತಿರುವಾಗ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಟ್ಟಾರು? “ಮಾತ್ರೆ ಸರಿಯಾಗಿ ತಗೊತಿದ್ದೀರಾ?” ಎನ್ನುವರು. “ಊಂ ಸ್ವಾಮಿ,” ಎನ್ನುವಳು. ಇಲ್ಲ ಎಂದವರಿಗೆ ಆ ಮೇಜಿನಲ್ಲಿ ಏನಾಗುತ್ತದೆಂದು ಸಾಲಿನಲ್ಲಿ ನಿಂತವರೆಲ್ಲ ಕಣ್ಣಾರೆ ನೋಡಿದ್ದರು. ‘ಎಷ್ಟು ಸಲ ಹೇಳಬೇಕು ನಿಮಗೆ? ಸಾಯ್ತೀರಾ?’ ಎಂದು ಎಲ್ಲರೆದುರು ಬೈಯುವುದು ನಮ್ಮ ಆಸ್ಪತ್ರೆಗಳ ಹಳೆಯ ಚಟ. ಬೈಸಿಕೊಂಡವನು ಮುಂದಿನ ಸಲ ಮಾತ್ರೆ ನುಂಗುವುದನ್ನು ಕಲಿಯುವುದಿಲ್ಲ, ‘ಹೂಂ’ ಎನ್ನುವುದನ್ನು ಕಲಿಯುತ್ತಾನೆ.

ಒಂದು ಶುಕ್ರವಾರ ಶಾಲೆಯ ಹೆಡ್‌ಮಾಸ್ತರು ಸಾಕಮ್ಮನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಒಲೆಯ ಮುಂದೆ ಬಗ್ಗಿ ಎದ್ದವಳು ಹಾಗೇ ಕುಸಿದಿದ್ದಳು. ಪಕ್ಕದಲ್ಲೇ ಸಾಂಬಾರಿನ ಕೊಪ್ಪರಿಗೆ ಕೊತಕೊತ ಕುದಿಯುತ್ತಿತ್ತು. ಜೊತೆಗಿದ್ದ ಅಡುಗೆಯವಳು ಸೆರಗು ಹಿಡಿದು ಈಚೆಗೆ ಎಳೆದದ್ದರಿಂದ ಮೈ ಸುಡಲಿಲ್ಲ. ಮಲಗಿಸಿ ಬಿ.ಪಿ. ನೋಡಿದೆ. ಮಂಗಳವಾರ ನೂರೆಂಬತ್ತರ ಮೇಲೆ ಇದ್ದವಳು ನೂರರ ಹತ್ತಿರಕ್ಕೆ ಬಂದಿದ್ದಳು. ಸ್ವಲ್ಪ ಹೊತ್ತು ಬಿಟ್ಟು, ತೋಳು ಹಿಡಿದು ನಿಲ್ಲಿಸಿ ನೋಡಿದೆ. ಇನ್ನೂ ಕೆಳಕ್ಕೆ ಇಳಿಯಿತು. “ತಲೆ ಗಿಮ್ ಅಂತದೆ ಕಣಮ್ಮ,” ಎಂದು ನನ್ನ ಭುಜಕ್ಕೆ ಒರಗಿದಳು. ಯಂತ್ರ ಕೆಟ್ಟಿದೆಯೇನೋ ಎಂದು ಹಳೆಯ ಪಾದರಸದ್ದನ್ನು ತಂದೆ. ಅದೂ ಅದನ್ನೇ ಹೇಳಿತು. ಡಾಕ್ಟರು ಓಡಿ ಬಂದರು.

ಅವಳು ಚೇತರಿಸಿಕೊಂಡ ಮೇಲೆ ಅವರೆದುರಿಗೇ ಕೇಳಿದೆ. “ಅಕ್ಕ, ಇವತ್ತು ಬೆಳಗ್ಗೆ ಮಾತ್ರೆ ನುಂಗಿದ್ಯಾ?”

“ನುಂಗ್ದೆ. ಎಲ್ಲಾನೂವೆ.”

“ನಿನ್ನೆ?”

“ನುಂಗ್ದೆ.”

“ಮಂಗಳವಾರ?”

“ಮಂಗ್ಳಾರ ಎಂಗ್ ನುಂಗ್ಲಿ? ಆಸ್ಪತ್ರೆ ದಿನ ಅಲ್ವಾ? ಖಾಲಿ ಒಟ್ಟೇಲಿ, ಮಾತ್ರೆ ನುಂಗ್ದೆ ಬನ್ನಿ ಅಂತ ನೀವೇ ಗೋಡೆ ಮ್ಯಾಲೆ ಬರ್ಸಿಲ್ವಾ?”

ಸಾಕಮ್ಮನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಆ ಬೋರ್ಡು ಅವಳಿಗಲ್ಲ.

“ಸೋಮವಾರ?” ಎಂದೆ.

“ಸೋಮಾರ ಒಪ್ಪೊತ್ತಲ್ವಾ? ಇಸ್ಕೂಲ್ ಕೆಲ್ಸ ಮುಗುಸ್ಕೊಂಡು ವೈದ್ಯನಾಥಪುರಕ್ಕೆ ಓಗಿ, ಸ್ವಾಮಿಗೆ ಕೈ ಮುಗ್ದು ಬರೋಗಂಟ ಬಾಯ್ಗೆ ಏನೂ ಆಕಾಕಿಲ್ಲ.”

“ಬಂದು ಊಟ ಮಾಡಿದ ಮ್ಯಾಲೆ ನುಂಗಬೋದಲ್ಲ?”

“ಬೆಳಗ್ಗೆ ಅಂದ್ರೆ ಬೆಳಗ್ಗೆನೇ, ಒತ್ತು ತಪ್ಸಬ್ಯಾಡ ಅಂತ ಮಾತ್ರೆ ಕೊಡೋ ಕಿಟಕೀಲಿ ಬೈದವ್ರೆ. ಸಂಜೆ ನುಂಗಿ ಇನ್ನೇನಾರ ಆದ್ರೆ?”

ಸೋಮವಾರ ದೇವರಿಗಾಗಿ ಬಿಟ್ಟಳು, ಮಂಗಳವಾರ ನಮ್ಮ ಗೋಡೆಗಾಗಿ ಬಿಟ್ಟಳು. ಮಾತ್ರೆಯ ಬಲವೆಲ್ಲ ಇಳಿದ ಹೊತ್ತಿಗೆ ಬಸ್ಸು ಹತ್ತಿ, ಹಸಿದ ಹೊಟ್ಟೆಯಲ್ಲಿ ಬಂದು ನಮ್ಮ ಮುಂದೆ ಕೂರುತ್ತಿದ್ದಳು. ನಾವು ಹೆಚ್ಚಿದೆ ಎಂದು ಇನ್ನೊಂದು ಸೇರಿಸುತ್ತಿದ್ದೆವು. ಬುಧವಾರದಿಂದ ಎಲ್ಲವನ್ನೂ ಚಾಚೂ ತಪ್ಪದೆ ನುಂಗುತ್ತಿದ್ದಳು. ವಾರದ ಕೊನೆಗೆ ತಲೆ ತಿರುಗುತ್ತಿತ್ತು. ಹೇಳಿದ ಮಾತು ಕೇಳದವಳಲ್ಲ, ಎಲ್ಲರೂ ಹೇಳಿದ್ದನ್ನೂ ಕೇಳಿದ್ದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಸಿಸ್ಟರ್, ನಾನು ಇಷ್ಟು ದಿನ ಮಾತ್ರೆ ಬರೆದದ್ದು ಇವರಿಗಲ್ಲ, ಮಂಗಳವಾರಕ್ಕೆ,” ಎಂದರು. ಹೆಚ್ಚಿಸಿದ್ದನ್ನು ಇಳಿಸಿದರು. ದಿನ ಬಿಟ್ಟು ದಿನ ಅಳೆದು ನೋಡೋಣ ಎಂದರು.

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ವರಾಂಡಕ್ಕೆ ಬಂದಿದ್ದರು. “ನೋಡಮ್ಮ, ಮೂರ್ಛೆ ಬೀಳೋ ಎಂಗ್ಸು. ನಾಳೆ ಮಕ್ಳ ಮ್ಯಾಲೆ ಸಾಂಬಾರು ಚೆಲ್ಲುದ್ರೆ ಯಾರ್ ಜವಾಬ್ದಾರಿ? ಫಿಟ್ ಅವ್ಳೆ ಅಂತ ಡಾಕ್ಟ್ರು ಬರ್ಕೊಡ್ಲಿ. ಇಲ್ದಿದ್ರೆ ನನ್ ತಮ್ಮನ್ ಎಂಡ್ತಿ ಅವ್ಳೆ, ಗಟ್ಟಿಮುಟ್ಟಾಗವ್ಳೆ.”

ಮಕ್ಕಳ ಬಗ್ಗೆ ಅವರು ಹೇಳಿದ್ದು ಸರಿಯೇ. ಆದರೆ ತಮ್ಮನ ಹೆಂಡತಿ ಅಷ್ಟು ಬೇಗ ನಾಲಗೆಗೆ ಬಂದದ್ದು ನೋಡಿ ನನಗೆ ಮೈ ಉರಿಯಿತು. “ಕರ್ಕೊಂಡ್ ಬನ್ನಿ ಯಜಮಾನ್ರೇ, ಅವಳ ಬಿ.ಪಿ.ನೂ ನೋಡ್ಬುಡಾನ,” ಎಂದೆ. ಅವರು ನಗಲಿಲ್ಲ.

ಹೆಡ್‌ಮಾಸ್ತರ ಹತ್ತಿರ ಬೇರೆ ಧಾಟಿಯಲ್ಲಿ ಮಾತಾಡಿದೆ. ಡಾಕ್ಟರು ಬರೆದುಕೊಡುವ ತನಕ ಸಾಕಮ್ಮ ಒಲೆಯ ಹತ್ತಿರ ಹೋಗುವುದು ಬೇಡ, ಕೂತು ತರಕಾರಿ ಹೆಚ್ಚಲಿ, ಅಕ್ಕಿ ಆರಿಸಲಿ. ಅವಳ ಜಾಗಕ್ಕೆ ಮಾತ್ರ ಯಾರನ್ನೂ ಹಾಕಬೇಡಿ. ಅವರು ಒಪ್ಪಿದರು. ಸಾಕಮ್ಮನೇ ಒಪ್ಪಲಿಲ್ಲ. “ಸೌಟಿಲ್ದೆ ಇಸ್ಕೂಲ್ಗೋಗಿ ಏನ್ ಮಾಡ್ಲಿ? ಮನೇಲಿ ಸೊಸೆ ಒಲೆ ತಾವ್ಕೂ ಬುಡಾಕಿಲ್ಲ. ಆ ಮಕ್ಳು ‘ಸಾಕಜ್ಜಿ, ಇನ್ನೊಸಿ ಬುಡಜ್ಜಿ’ ಅಂತ ತಟ್ಟೆ ಇಡ್ಕೊಂಡು ನಿಂತ್ಕೊಳ್ತವಲ್ಲ, ಅದೇ ಓಯ್ತು ಅಂದ್ರೆ ನಾನ್ಯಾರು ಕಣಮ್ಮ?” ಅಷ್ಟು ಜೋರಿನ ಹೆಂಗಸಿನ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ.

“ಸೌಟು ಬೇಕೋ ಬೇಡ್ವೋ? ಬೇಕಾದ್ರೆ ಸೋಮವಾರನೂ ಮಾತ್ರೆ ನುಂಗ್ಬೇಕು,” ಎಂದೆ.

“ಒಪ್ಪೊತ್ತು ಕೆಡ್ತದೆ.”

“ಒಪ್ಪೊತ್ತಲ್ಲಿ ನೀರು ಕುಡೀತೀಯಾ?”

“ಕುಡೀದೆ ಇರಾಕಾಯ್ತದಾ?”

“ತೀರ್ಥ?”

“ಕುಡೀತೀನಿ.”

“ಮಾತ್ರೇಲಿ ಅನ್ನ ಐತಾ, ಮುದ್ದೆ ಐತಾ?”

ಯೋಚಿಸಿದಳು. “ನಿಮ್ ಮಾತ್ ಕೇಳಿ ದ್ಯಾವ್ರ ಕೂಟೆ ನಿಷ್ಠೂರ ಕಟ್ಕೊಳಾಕಿಲ್ಲ. ಕೇಳ್ಕೊಂಡ್ ಬತ್ತೀನಿ,” ಎಂದು ಹೋದಳು.

ಬಿ.ಪಿ. ತೋರಿಸಲು ಮತ್ತೆ ಬಂದಾಗ ಮುಖ ಅರಳಿತ್ತು. “ನಮ್ಮೂರ್ ಪೂಜಾರಪ್ಪನ ಕೇಳ್ದೆ ಸಿಸ್ಟರವ್ವ. ನಾನೇ ದಿನಾ ಮಾತ್ರೆ ನುಂಗೇ ಗುಡಿ ಬಾಗ್ಲು ತೆಗ್ಯೋದು, ನಿಂದೇನು ಅಂದ್ರು. ದ್ಯಾವ್ರಿಗೇ ಅಭ್ಯಂತರ ಇಲ್ಲ ಕಣಮ್ಮ, ಇರೋದು ನಿಮ್ ಗೋಡೆಗೆ!”

ಆ ಮಾತು ಕೆನ್ನೆಗೆ ಬಾರಿಸಿದ ಹಾಗಾಯಿತು. ಮುಂದಿನ ಮಂಗಳವಾರ ಸಾಲಿನಲ್ಲಿದ್ದ ಬಿ.ಪಿ.ಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದೆ. ‘ಸರಿಯಾಗಿ ನುಂಗ್ತಿದ್ದೀರಾ’ ಎಂದಲ್ಲ, ‘ಇವತ್ತು ನುಂಗಿ ಬಂದ್ರಾ, ಬಿಟ್ಟು ಬಂದ್ರಾ’ ಎಂದು, ಎರಡೂ ತಪ್ಪಲ್ಲ ಎನ್ನುವ ಧ್ವನಿಯಲ್ಲಿ. ಬಿಟ್ಟು ಬಂದವರೇ ಹೆಚ್ಚು. ಗೆಜ್ಜಲಗೆರೆಯ ಕಾರ್ಖಾನೆಗೆ ಹೋಗುವ ಒಬ್ಬ ಹುಡುಗ, ಓದಿದವನು, “ಬೋರ್ಡ್ ಫಾಲೋ ಮಾಡಿದೆ ಮೇಡಂ,” ಎಂದ. ಓದು ಬಾರದವರು ಹಾಗೆ ಮಾಡುತ್ತಾರೆ ಎಂದು ಮೂಗೆಳೆಯುವವರಿಗೆ ಹೇಳುತ್ತಿದ್ದೇನೆ, ಓದು ಬಂದವನೂ ಅದನ್ನೇ ಮಾಡಿದ್ದ.

ಆಡಳಿತ ನೋಡಿಕೊಳ್ಳುವ ಹಿರಿಯರ ಬಳಿ ಹೋದೆ. ಡಾಕ್ಟರೂ ಜೊತೆಗೆ ಬಂದು ಹೇಳಿದರು.

“ಬೋರ್ಡು ಮೇಲಿಂದ ಬಂದದ್ದು. ಅದಕ್ಕೆ ನಾವು ಬಾಲ ಸೇರಿಸೋಕಾಗಲ್ಲ. ನೀವು ಬಾಯಲ್ಲಿ ಹೇಳಿ ಸಾಕು,” ಎಂದರು ಅವರು.

“ಬಾಯಲ್ಲಿ ಹೇಳೋಕೆ ಒಬ್ಬರನ್ನ ಕೊಡಿ ಸರ್.”

“ಸಿಬ್ಬಂದಿ ಎಲ್ಲಿದ್ದಾರೆ?”

“ಹಾಗಾದ್ರೆ ದಿನ ಬದಲಾಯ್ಸಿ. ಸೋಮವಾರದ ಮಾರನೇ ದಿನ ಬೇಡ.”

“ವರದಿ ಕಳಿಸೋದು ಮಂಗಳವಾರವೇ.”

“ಹಾಗಾದ್ರೆ ಗೋಡೇನಾದ್ರೂ ಕೊಡಿ.”

“ಗೋಡೆ ನಿಮ್ಮ ಅಪ್ಪನದಲ್ಲ, ಸರ್ಕಾರದ್ದು,” ಎಂದರು.

ನನ್ನ ಅಪ್ಪನನ್ನು ಎಳೆದು ತಂದದ್ದು ಅವರು ಮಾಡಿದ ತಪ್ಪು. ಟ್ರ್ಯಾಕ್ಟರ್ ಟ್ರೇಲರಿಗೆ ಹೆಸರು ಬರೆಯುವ ಪೇಂಟರ್ ಒಬ್ಬ ಮದ್ದೂರಿನಲ್ಲಿದ್ದ. ಅವನ ತಾಯಿಯೂ ನಮ್ಮ ಸಾಲಿನವಳೇ. ಅವನನ್ನು ಕರೆಸಿ ಬೋರ್ಡಿನ ಕೆಳಗೆ ಕೆಂಪಕ್ಷರದಲ್ಲಿ ಬರೆಸಿದೆ: ‘ಬಿ.ಪಿ. ಮಾತ್ರೆಯನ್ನು ದಿನದಂತೆ ನೀರಿನ ಜೊತೆ ನುಂಗಿಯೇ ಬನ್ನಿ. ಸಕ್ಕರೆ ಮಾತ್ರೆಯ ಬಗ್ಗೆ ಕೇಳಿ ತಿಳಿಯಿರಿ.’ ಅಕ್ಷರ ಎಷ್ಟು ದಪ್ಪಗಿತ್ತೆಂದರೆ ರಸ್ತೆಯಲ್ಲಿ ಹೋಗುವ ಎತ್ತಿಗೂ ಕಾಣಬೇಕು.

ಅದಕ್ಕೆ ನೋಟಿಸು ಬಂತು. ಸರ್ಕಾರಿ ಗೋಡೆಯನ್ನು ಅಂದಗೆಡಿಸಿದ್ದಕ್ಕೆ. ಅದೇ ಗೋಡೆಯ ಮೂಲೆಯಲ್ಲಿ ಎಲೆಅಡಿಕೆ ಉಗಿದು ಉಗಿದು ನೆಲದಿಂದ ಸೊಂಟದ ಎತ್ತರಕ್ಕೆ ಕೆಂಪಾಗಿತ್ತು, ಅದಕ್ಕೆ ಯಾರಿಗೂ ನೋಟಿಸು ಬಂದಿರಲಿಲ್ಲ. ನೋಟಿಸಿನ ಹಿಂದೆಯೇ ಆದೇಶವೂ ಬಂತು. ‘ಸೇವೆಯ ಅಗತ್ಯದ ಮೇರೆಗೆ’ ನನ್ನನ್ನು ಮಂಡ್ಯದ ಆಚೆಗೆ ಹಾಕಿದ್ದರು.

ಹೋಗುವ ಮುಂಚೆ ನನ್ನ ವ್ಯವಹಾರ ಚುಕ್ತಾ ಮಾಡಿಯೇ ಹೋದೆ. ಸಾಕಮ್ಮನ ಬಿ.ಪಿ.ಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ವಾರದ ಬೇರೆ ಬೇರೆ ದಿನ ನೋಡಿದ್ದೆವು. ಸೋಮವಾರ ಸಂಜೆ ದೇವಸ್ಥಾನದಿಂದ ಬಂದವಳನ್ನೂ ನೋಡಿದ್ದಾಯಿತು. ಎಲ್ಲ ದಿನವೂ ಹತೋಟಿಯಲ್ಲಿತ್ತು, ಅದೂ ಮೊದಲಿಗಿಂತ ಕಡಿಮೆ ಮಾತ್ರೆಯಲ್ಲಿ. ಡಾಕ್ಟರು ಕೆಲಸಕ್ಕೆ ಅರ್ಹಳೆಂದು ಬರೆದು ಸಹಿ ಹಾಕಿದರು. ಅಧ್ಯಕ್ಷರ ತಮ್ಮನ ಹೆಂಡತಿ ಗಟ್ಟಿಮುಟ್ಟಾಗಿ ಮನೆಯಲ್ಲೇ ಉಳಿದಳು.

ನಿವೃತ್ತಿಯಾದ ಮೇಲೆ ಈಗ ನನಗೂ ಬಿ.ಪಿ. ಮೊನ್ನೆ ಒಂದು ಮಂಗಳವಾರ ಅದೇ ಆಸ್ಪತ್ರೆಗೆ ರೋಗಿಯಾಗಿ ಹೋದೆ. ಗೋಡೆಗೆ ಹೊಸ ಬಣ್ಣ ಬಳಿದಿದ್ದಾರೆ. ಬೋರ್ಡನ್ನು ಒರೆಸಿ ಮತ್ತೆ ತೂಗುಹಾಕಿದ್ದಾರೆ. ಅದರ ಕೆಳಗೆ ನಾನು ಬರೆಸಿದ್ದ ಸಾಲು ಇಲ್ಲ. ಸಿಟ್ಟು ನೆತ್ತಿಗೇರಿತು. ಆ ಗಳಿಗೆಯಲ್ಲಿ ಬಿ.ಪಿ. ನೋಡಿದ್ದರೆ ನನಗೂ ಎರಡು ಮಾತ್ರೆ ಹೆಚ್ಚಾಗುತ್ತಿತ್ತು. ಅಷ್ಟರಲ್ಲಿ ಸಾಲಿನ ಮುಂದುಗಡೆಯಿಂದ ಪರಿಚಯದ ಗಂಟಲು ಕೇಳಿತು.

“ಲೇ ಚಿಕ್ತಾಯಿ, ಬಿ.ಪಿ. ಮಾತ್ರೆ ನುಂಗ್ದೇನೇ? ಇಲ್ವಾ? ಆ ಬೋರ್ಡ್ ಸಕ್ಕರೆಯವ್ರಿಗೆ ಕಣೇ, ನಿಂಗಲ್ಲ! ತಗೊ ನೀರು, ನುಂಗು ಮೊದ್ಲು. ಆಮೇಲೆ ಅಲ್ಲಿ ಕುಂತ್ಕೊ ಒಸಿ ಒತ್ತು.”

ಸಾಕಮ್ಮ. ಶಾಲೆಗೆ ಹೊತ್ತಾಗುತ್ತದೆಂದು ಎಲ್ಲರಿಗಿಂತ ಮುಂಚೆ ಬಂದು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಸಾಲಿನುದ್ದಕ್ಕೂ ಕೇಳುತ್ತಾ ಬರುತ್ತಿದ್ದಳು. ನನ್ನ ಮುಂದೆ ನಿಂತು, ಗುರುತು ಹಿಡಿದು, ನಗುವ ಮೊದಲು ಕೇಳಿದ್ದೂ ಅದನ್ನೇ: “ನೀವು ನುಂಗಿ ಬಂದ್ರಾ, ಸಿಸ್ಟರವ್ವ?”

ಹೊಸದಾಗಿ ಈ ಕೆಲಸಕ್ಕೆ ಬರುವ ಮಕ್ಕಳೇ, ಗೋಡೆಯನ್ನು ನಂಬಿ ಕೂರಬೇಡಿ. ಬಂದವರನ್ನು ಮೊದಲು ಮೂತ್ರಕ್ಕೆ ಕಳಿಸಿ, ಆಮೇಲೆ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ತಾಗುವಂತೆ ಐದು ನಿಮಿಷ ಕೂರಿಸಿ. ಅಳೆಯುವಾಗ ನೀವೂ ಮಾತಾಡಬೇಡಿ, ಅವರನ್ನೂ ಮಾತಾಡಿಸಬೇಡಿ. ತೋಳು ಬರಿದಾಗಿರಲಿ, ಎದೆಯ ಮಟ್ಟಕ್ಕಿರಲಿ, ಪಟ್ಟಿ ತೋಳಿಗೆ ತಕ್ಕದ್ದಿರಲಿ. ಸ್ಟೋರಿನಲ್ಲಿ ಬೀಗ ಹಾಕಿದ್ದರೆ ಜಗಳವಾಡಿ ತನ್ನಿ. ತಲೆ ತಿರುಗುತ್ತದೆ ಎಂದವರನ್ನು ನಿಲ್ಲಿಸಿಯೂ ಅಳೆಯಿರಿ. ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆಯೇ ಎಂದು ಕೇಳಿ, ಅದೂ ಬಿ.ಪಿ. ಏರಿಸುತ್ತದೆ. ಬಿ.ಪಿ. ಇಳಿಯಿತೆಂದು ತಾವೇ ಮಾತ್ರೆ ನಿಲ್ಲಿಸಬೇಡಿ, ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗಬೇಡಿ ಎಂದು ಹೇಳಿ ಕಳಿಸಿ. ಸಂಖ್ಯೆ ಹೆಚ್ಚು ಕಂಡರೆ ಡಾಕ್ಟರಿಗೆ ಕೂಗಿ ಹೇಳುವ ಮೊದಲು ಇವತ್ತಿನ ಮಾತ್ರೆ, ನಿನ್ನೆಯ ಮಾತ್ರೆ, ಮೊನ್ನೆಯ ಮಾತ್ರೆ, ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಬಿಟ್ಟೆ ಎಂದವರನ್ನು ಬೈಯಬೇಡಿ, ಯಾಕೆ ಬಿಟ್ಟೆ ಎಂದು ಕೇಳಿ, ಉತ್ತರ ಮುಗಿಯುವ ತನಕ ಕಾಯಿರಿ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಯಾರೂ ನೋಟಿಸು ಕೊಡಲಾರರು.